ಕಾರಭಾರಿಯ ಆಟಿಕೆ ಚೀಲ

ಗೊಳಸಂಗಿ
ರವಿವಾರ, 10 ಆಗಸ್ಟ್ 2025

ಚಿರಂಜೀವಿ ಸುಜಾತಾಳಿಗೆ ನಿನ್ನ ಅತ್ತೆ ಶೇವಂತೆವ್ವನ ಮನಸಾರೆ ಆಶೀರ್ವಾದ.

ನಾವಿಲ್ಲಿ ಹೊತ್ತಿಗೆ ಉಂಡು, ಹೊತ್ತಿಗೆ ಮಲಗಿ ಆರಾಮಾಗಿದ್ದೇವೆ. ನೀನೂ ಇಂಡಿಯಲ್ಲಿ ಹಾಗೇ ಇದ್ದೀ ಎಂದು ನಂಬಿದ್ದೇನೆ. ಆಸ್ಪತ್ರೆಯ ಕೆಲಸ ಹಿಡಿದವರು ಹೊತ್ತಿಗೆ ಉಣ್ಣುವುದಿಲ್ಲ ಎಂಬುದು ಗೊತ್ತಿದ್ದೂ ನಂಬಿದ್ದೇನೆ. ಯುಗಾದಿಗೆ ಬರೆಯಬೇಕಾಗಿದ್ದ ಪತ್ರವನ್ನು ಪಂಚಮಿ ದಾಟಿದ ಮೇಲೆ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಮೊದಲ ಸಾಲಿನಲ್ಲೇ ಗಾಡಿ ಹೂತುಹೋಗಿತ್ತು. ಹಿಂದೆ ನೀನು ತವರಿಗೆ ಹೋದಾಗಲೆಲ್ಲ ಚಿ. ಸೌ. ಎಂದು ಬರೆಯುತ್ತಿದ್ದೆ. ಈಗ ಸೌ. ಇಡಬೇಕೋ ಬಿಡಬೇಕೋ, ನನ್ನನ್ನು ನಾನು ಅತ್ತೆ ಎನ್ನಬೇಕೋ ಬೇಡವೋ ತಿಳಿಯದೆ ಹಾಳೆ ಹರಿದು ಹರಿದು ಹಾಕಿದೆ. ಕೊನೆಗೆ ನಿನ್ನ ಮಾವನನ್ನು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಕೋರ್ಟಿನ ಬಿಡುಗಡಿ ಕಾಗದದಾಗ ನಿನ್ನ ಮಗ ಸಂಗೂನ ಹೆಸರಿತ್ತು, ಆಕಿ ಹೆಸರಿತ್ತು. ನಿನ್ನ ಹೆಸರೇನರ ಇತ್ತೇನ?" ಅಂದರು. ಇರಲಿಲ್ಲ. ಆದ್ದರಿಂದ ನಾನು ನಿನ್ನ ಅತ್ತೆಯೇ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಈ ಮನೆಯಲ್ಲಿ ಫೋನಿನಲ್ಲಿ ಒಂದು ಗುಟ್ಟಿನ ಮಾತು ಆಡುವಂತಿಲ್ಲ. ಪಡಸಾಲೆಯಲ್ಲಿ ನಿನ್ನ ಗಿಳಿ ಕುಳಿತಿರುತ್ತದೆ. ಅದಕ್ಕೆ ಕಾರಭಾರಿ ಎಂದು ಹೆಸರಿಟ್ಟವಳು ನಾನೇ. ಈಗ ಹೆಸರಿಗೆ ತಕ್ಕಂತೆ ಮನೆಯ ಕಾರಭಾರವನ್ನೆಲ್ಲ ಅದೇ ನಡೆಸುತ್ತದೆ. ಮಗ್ಗುಲ ಮನೆಯ ತಿಪ್ಪವ್ವ ಕಳಿಸಿದ ಹೋಳಿಗೆ ಚಪ್ಪಲಿಯ ಹಾಗಿತ್ತು ಎಂದು ನನ್ನ ತಂಗಿಯ ಹತ್ತಿರ ಫೋನಿನಲ್ಲಿ ಅಂದಿದ್ದೆ. ಮರುದಿನ ತಿಪ್ಪವ್ವ ಬಂದು ಕುಳಿತಾಗ ಕಾರಭಾರಿ ನನ್ನದೇ ದನಿಯಲ್ಲಿ "ಚಪ್ಪಲಿ ಚಪ್ಪಲಿ" ಎಂದಿತು. ಪಾಪ, ಆಕೆ ತನ್ನ ಚಪ್ಪಲಿ ನಾಯಿ ಒಯ್ದಿತೆಂದು ಹೊರಗೆ ಓಡಿದಳು. ದೇವರು ದೊಡ್ಡವನು.

ಬೆಳಿಗ್ಗೆ ಮಾತ್ರ ಅದು ನಿನ್ನ ದನಿಯಲ್ಲಿ ಮಾತಾಡುತ್ತದೆ. "ಅತ್ತೀ, ಚಾ ಆತ್ರಿ," ಎನ್ನುತ್ತದೆ. ಮಧ್ಯಾಹ್ನ ಗಾಳಿ ಬಿಟ್ಟು ಮನೆಯೆಲ್ಲ ಜೋಂಪಿನಲ್ಲಿರುವಾಗ ಅದು ಕಣ್ಣು ಅರ್ಧ ಮುಚ್ಚಿ ಒಳಗೊಳಗೇ ಗುಣುಗುಡುತ್ತದೆ. ಸಂಗುವಿನ ಕೆಮ್ಮು, ನಿನ್ನ ಬಳೆಯ ಸದ್ದು, ಕುಕ್ಕರಿನ ಸೀಟಿ, ಮಾವನ ಆಕಳಿಕೆ, ಎಲ್ಲ ಒಂದರ ಮೇಲೊಂದು ಹರಿದಾಡುತ್ತವೆ. ನಾನು ಚಾಪೆಯ ಮೇಲೆ ಅಡ್ಡಾಗಿ ಕೇಳುತ್ತಿರುತ್ತೇನೆ. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ನೀನು ಅಡುಗೆಮನೆಯಲ್ಲೇ ಇದ್ದೀ, ಏನೂ ಆಗಿಲ್ಲ. ಎದ್ದು ಕುಳಿತ ಮೇಲೆ ನೆನಪಾಗುತ್ತದೆ.

ನೀವಿಬ್ಬರೂ ಜಗಳ ಆಡಿದ್ದರೆ ನಾನು ನಡುವೆ ಬಂದು ಬಿಡಿಸುತ್ತಿದ್ದೆ ಸುಜಾ. ಬಾಯಿ ನನಗೂ ಇದೆ. ಆದರೆ ನೀವು ಮಾತೇ ಬಿಟ್ಟಿರಿ. ಸುಮ್ಮನೆ ಕುಳಿತವರನ್ನು ಬಿಡಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾರ ತಪ್ಪು ಎಂದು ಅಳೆಯುವ ಗೋಜಿಗೆ ನಾನು ಹೋಗುವುದಿಲ್ಲ. ನೀನು ಹೋಗುವ ದಿನ, "ಹಾಸ್ಟೆಲ್ನಾಗ ಗಿಳಿ ಇಟಗೊಳ್ಳಾಕ ಬಿಡೂದಿಲ್ರಿ ಅತ್ತಿ, ನಿಮ್ಮ ಕಡೇನ ಇರ್ಲಿ," ಎಂದು ಪಂಜರದ ಕೊಂಡಿಯನ್ನು ನನ್ನ ಕೈಗೆ ಕೊಟ್ಟೆಯಲ್ಲ, ಆ ಕೊಂಡಿಯನ್ನು ನಾನಿನ್ನೂ ಹಿಡಿದೇ ನಿಂತಿದ್ದೇನೆ ಅನಿಸುತ್ತದೆ.

ಈಗ ಒಂದು ಸುದ್ದಿ. ಹೆದರಬೇಡ, ಈಗ ಎಲ್ಲ ಸರಿಯಾಗಿದೆ. ಪಂಚಮಿಯ ದಿನ ತಿಪ್ಪವ್ವ ಒಂದು ಕೊಬ್ಬರಿ ಬಟ್ಟಲು ಹಿಡಿದು ಬಂದಳು. ನಮ್ಮ ಕಡೆ ಮಕ್ಕಳು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿಟ್ಲಿ ಆಡಿಸುತ್ತಾರಲ್ಲ, ಹಾಗೆ ಉದ್ದನೆಯ ದಾರ ಹಾಕಿ ತಂದಿದ್ದಳು. "ಮನ್ಯಾಗ ಸಣ್ಣ ಕೂಸಿಲ್ಲ, ಇದಕ್ಕರ ಪಂಚಮಿ ಆಗ್ಲಿ ಬಿಡ," ಎಂದು ಪಂಜರದೊಳಗೆ ಕಟ್ಟಿದಳು. ಕೂಸಿಲ್ಲ ಎಂದ ಮಾತು ನನಗೆ ಚುಚ್ಚಿತು. ಕಾರಭಾರಿಗೋ ಬಹಳ ಖುಷಿ. ಕೊಕ್ಕಿನಿಂದ ಬಟ್ಟಲನ್ನು ತಿರುವಿ ತಿರುವಿ ಬಿಟ್ಟಿತು. ಹುರಿಗೊಂಡ ದಾರ ಬಿಚ್ಚಿಕೊಳ್ಳುತ್ತ ಬಟ್ಟಲು ಗಿರಗಿರ ತಿರುಗಿತು, ತಿರುಗುತ್ತಲೇ ದಾರ ಗಿಳಿಯ ಬೆರಳಿಗೆ ಸುತ್ತಿಕೊಂಡು ಬಿಗಿಯಿತು. ಅದು ಒದ್ದಾಡಿದಷ್ಟೂ ಬಿಗಿಯಾಯಿತು. ಕಡೆಗೆ ತನ್ನ ಕಾಲನ್ನು ತಾನೇ ಕಚ್ಚತೊಡಗಿತು.

ನಿನ್ನ ಮಾವ ಟವೆಲ್ಲು ಹಾಕಿ ಹಿಡಿದರು. ನಾನು ಹೊಲಿಗೆಯ ಸಣ್ಣ ಕತ್ತರಿಯಿಂದ ದಾರ ಕತ್ತರಿಸಿದೆ. ದಾರ ಚರ್ಮದೊಳಗೆ ಇಳಿದಿತ್ತು. ಆ ಟವೆಲ್ಲಿನೊಳಗಿಂದ ಅದು ನಿನ್ನ ದನಿಯಲ್ಲಿ "ಅತ್ತೀ, ಅತ್ತೀ" ಎಂದು ಕೂಗಿತು ಸುಜಾ. ಇನ್ನೇನು ಬರೆಯಲಿ. ಬಾಗೇವಾಡಿಗೆ ಒಯ್ದೆವು, ಪಶುವೈದ್ಯರು ತೊಳೆದು ಔಷಧ ಹಚ್ಚಿದರು. ಬೆರಳು ಉಳಿಯಿತು, ಉಗುರು ಹೋಯಿತು. "ಆಟಿಗಿ ಕಟ್ಟೂಮುಂದ ಎಳಿ ನೋಡ್ರಿ, ಗಂಟ ನೋಡ್ರಿ. ಕೂಸಿನ ತೊಟ್ಟಿಲಾಗ ಇಡಲಾರದ್ದನ್ನ ಪಂಜರದಾಗೂ ಇಡಬ್ಯಾಡ್ರಿ," ಎಂದು ಹೇಳಿ ಕಳಿಸಿದರು. ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಜೀಕುತ್ತಿದ್ದ ದಿನ ನಾವಿಬ್ಬರೂ ಬಸ್ಸಿನಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದೆವು.

ಇನ್ನೊಂದು ಸುದ್ದಿಯನ್ನು ಕಡೆಗೆ ಇಟ್ಟಿದ್ದೇನೆ. ಸಂಗುವಿಗೆ ಹುಡುಗಿ ಗೊತ್ತಾಗಿದ್ದಾಳೆ. ಮುದ್ದೇಬಿಹಾಳದ ಕಡೆಯವಳು, ಪ್ರಜ್ಞಾ ಎಂದು ಹೆಸರು. ತುಳಸಿ ಲಗ್ನ ಮುಗಿದ ಮೇಲೆ ಮದುವೆ. ಪಂಚಮಿಯ ಮುಂಚೆ ಅವರ ಮನೆಯವರು ನಮ್ಮ ಮನೆ ನೋಡಲು ಬಂದಿದ್ದರು, ಹುಡುಗಿಯೂ ಬಂದಿದ್ದಳು. ಸಂಜೆ ಎಲ್ಲರೂ ಪಡಸಾಲೆಯಲ್ಲಿ ಚಹಾ ಕುಡಿಯುವಾಗ ಕಾರಭಾರಿ ಒಂದು ಮಾತು ಅಂದಿತು. ನಿನ್ನ ಮಾವ ಎದ್ದು ಪಂಜರದ ಮೇಲೆ ಟವೆಲ್ಲು ಹಾಕಿದರು. ಅದು ಏನಂದಿತು ಎಂಬುದನ್ನು ಈಗ ಬರೆಯಲಾರೆ, ಮತ್ತೊಮ್ಮೆ ಬರೆದೇನು. ಹುಡುಗಿ ಮಾತ್ರ ಹೋಗುವಾಗ ನನ್ನ ಕೈ ಹಿಡಿದು, "ಗಿಳಿ ಇಲ್ಲೇ ಇರ್ಲಿರಿ, ನನಗೇನ ತ್ರಾಸಿಲ್ಲ," ಅಂದಳು. ಸಂಗುವೂ ಇರಲಿ ಎನ್ನುತ್ತಾನೆ. ಬೇಡವೆನ್ನುತ್ತಿರುವವಳು ನಾನು.

ಇಂಡಿಯಲ್ಲಿ ನೀನು ಗ್ಯಾಲರಿ ಇರುವ ಬಾಡಿಗೆ ಮನೆ ಹಿಡಿದಿದ್ದೀ ಎಂದು ನಮ್ಮೂರ ಜುಲ್ಫಿಕರ ಹೇಳಿದ. ಅವನ ಟೆಂಪೋ ಲಿಂಬೆಹಣ್ಣು ತರಲು ನಿಮ್ಮೂರ ಮಾರ್ಕೆಟ್ಟಿಗೆ ಬರುತ್ತದಲ್ಲ. ನಿನ್ನ ಗಿಳಿಯನ್ನು ನೀನು ಇಟ್ಟುಕೊಳ್ಳುವೆಯಾ ತಂಗಿ? ಮದುವೆಯ ಒಳಗೆ ಕಳಿಸಬೇಕು. ಬೇಗ ಬರೆ. ಮತ್ತೆ ಹೇಳುತ್ತೇನೆ, ಫೋನು ಬೇಡ.

ನಿನ್ನ ಅತ್ತೆ,
ಶೇವಂತೆವ್ವ


ಗೊಳಸಂಗಿ
ರವಿವಾರ, 26 ಅಕ್ಟೋಬರ್ 2025

ಮಗಳಂಥ ಸುಜಾಳಿಗೆ ಶೇವಂತೆವ್ವನ ಆಶೀರ್ವಾದ, ದೀಪಾವಳಿಯ ಎಣ್ಣೆ ಇನ್ನೂ ಆರದ ಕೈಯಿಂದ.

ನಿನ್ನ ಪತ್ರ ಸೀಗಿ ಹುಣ್ಣಿಮೆಗೇ ಬಂದಿತ್ತು. ಉತ್ತರಕ್ಕೆ ತಡವಾಯಿತು, ಹಬ್ಬ, ಸುಣ್ಣ ಬಳಿಯುವುದು, ಮದುವೆಯ ಸಂತೆ, ಒಂದೇ ಎರಡೇ. ಅದನ್ನು ಜಂತಿಯ ಸಂದಿಯಲ್ಲಿ ಇಟ್ಟು ಆಗಾಗ ತೆಗೆದು ಓದಿದೆ. "ಕಳಸ್ರಿ ಅತ್ತಿ, ನಾ ದಾರಿ ಕಾಯ್ತೇನಿ," ಎಂಬ ಒಂದು ಸಾಲು ಸಾಕಾಗಿತ್ತು ನನಗೆ. ಬರುವ ಬುಧವಾರ ಜುಲ್ಫಿಕರ ಪಂಜರ ತರುತ್ತಾನೆ. ಮುಂದಿನ ಸೀಟಿನಲ್ಲಿ ಇಟ್ಟುಕೊಂಡು ಬರಬೇಕು, ಬೀಡಿ ಸೇದಕೂಡದು ಎಂದು ಆಣೆ ಹಾಕಿಸಿದ್ದೇನೆ. "ಆತ ಬಿಡ್ರಿ ಕಾಕೂ, ಹೊಸಾ ಮದಲಗಿತ್ತೀನ್ನ ಕರಕೊಂಡ ಹೋದಂಗ ಹೋಗ್ತೇನಿ," ಎಂದು ನಗುತ್ತಾನೆ.

ನೀನು ಸಿಂದಗಿಗೆ ಹೋದಾಗ ಅಂಗಡಿಯಲ್ಲಿ ಬಣ್ಣಬಣ್ಣದ ಆಟಿಕೆ ನೋಡಿದೆಯಂತೆ, ಯಾವುದು ತರಲಿ, ಈಗ ಅದು ಏನು ಆಡುತ್ತದೆ ಎಂದು ಕೇಳಿದ್ದೀ. ಏನೂ ತರಬೇಡ. ಪಂಜರದ ಜೊತೆ ಒಂದು ಚೀಲ ಬರುತ್ತದೆ, ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಹೊಲಿದದ್ದು. ಕಾರಭಾರಿಯ ಆಟಿಕೆಗಳೆಲ್ಲ ಅದರಲ್ಲಿವೆ. ಮಾಡಿದವರು ನಿನ್ನ ಮಾವ. ಮೊಮ್ಮಕ್ಕಳಿಗೆಂದು ಕೂಡಿಟ್ಟ ಜಾಣತನವನ್ನೆಲ್ಲ ಆ ಮುದುಕ ಒಂದು ಹಕ್ಕಿಗೆ ಸುರಿದಿದ್ದಾರೆ.

ಜೋಳದ ದಂಟಿನ ಬಂಡಿ ನಿನಗೆ ಗೊತ್ತಲ್ಲ. ಅದನ್ನು ಮಾಡುವಾಗ ದಂಟಿನ ಮೇಲಿನ ಸಿಪ್ಪೆಯನ್ನು ಪೂರ್ತಿ ಸುಲಿಯಬೇಕು, ಅದು ನಮ್ಮ ಬೆರಳನ್ನೇ ಕೊಯ್ಯುತ್ತದೆ, ಗಿಳಿಯ ನಾಲಿಗೆಯ ಗತಿ ಏನು. ಒಳಗಿನ ಬೆಂಡಷ್ಟೇ ಕೊಡಬೇಕು. ಮುರಿದು ಪುಡಿ ಮಾಡುತ್ತದೆ, ಮಾಡಲಿ, ಮುರಿಯುವುದೇ ಅದರ ಆಟ. ಬೇವಿನ ಕಟ್ಟಿಗೆಯ ತುಂಡುಗಳಿವೆ, ಬಣ್ಣವಿಲ್ಲ, ಪಾಲಿಶ್ ಇಲ್ಲ, ಬಾಯೊಳಗೆ ಹೋಗದಷ್ಟು ದಪ್ಪ. ತೊಗರಿಯ ಕಡ್ಡಿಗಳನ್ನು ಔಷಧ ಹೊಡೆಯದ ಹಿತ್ತಲಿನ ಗಿಡದಿಂದಲೇ ತಂದು ತೊಳೆದು ಒಣಗಿಸಿದ್ದು. ಹೊಲದ್ದು ಎಷ್ಟು ಚೆಂದ ಕಂಡರೂ ಬೇಡ. ನಿನ್ನ ಬಾಡಿಗೆ ಮನೆಯ ಅಂಗಳದಲ್ಲಿ ಕಣಗಿಲ ಹೂವಿನ ಗಿಡವಿದ್ದರೆ ಅದರ ಕಡ್ಡಿಯನ್ನು ಮುಟ್ಟಿಸಲೇ ಬೇಡ, ಅದು ವಿಷ.

ಹಗ್ಗ ಪುಂಡಿನಾರಿನದು, ಗೇಣಿಗಿಂತ ಗಿಡ್ಡ, ಕುತ್ತಿಗೆಗೆ ಸುತ್ತಲಾರದಷ್ಟು. ಆದರೂ ನಾನು ಸೋಮವಾರ ಸೋಮವಾರ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಎಳೆ ಬಿಟ್ಟಿದ್ದರೆ ಕತ್ತರಿಸುತ್ತೇನೆ, ಬಹಳ ಸವೆದಿದ್ದರೆ ಒಲೆಗೆ ಹಾಕುತ್ತೇನೆ. ಪಂಚಮಿಯ ನಂತರ ನನ್ನ ಕಣ್ಣು ದಾರವನ್ನು ನಂಬುವುದಿಲ್ಲ. ಎತ್ತಿನ ಗೆಜ್ಜೆ ಕಟ್ಟೋಣ, ಘಲ್ ಘಲ್ ಎನ್ನುತ್ತದೆ ಎಂದು ತಿಪ್ಪವ್ವ ಮತ್ತೆ ಬಂದಿದ್ದಳು. ಗೆಜ್ಜೆಯ ಸೀಳಿನಲ್ಲಿ ಬೆರಳು ಸಿಕ್ಕರೆ ಇನ್ನೊಂದು ಉಗುರೂ ಹೋಗುತ್ತದೆಂದು ಹಿಂದಕ್ಕೆ ಕಳಿಸಿದೆ. ತೂಗುಹಾಕಲು ಸ್ಟೀಲಿನ ಕೊಂಡಿಯನ್ನೇ ಬಳಸು. ಬೇಲಿಗೆ ಹಾಕುವ ಸತು ಬಳಿದ ತಂತಿಯನ್ನು ಕಚ್ಚಿ ಕಚ್ಚಿ ಆ ಸತು ಹೊಟ್ಟೆಗೆ ಹೋದರೆ ಹಕ್ಕಿ ಬದುಕುವುದಿಲ್ಲವಂತೆ, ಅದನ್ನು ಹೇಳಿದವರೂ ಅದೇ ಡಾಕ್ಟರು. ಕಟ್ಟಿಗೆಯ ಆಟಿಕೆಗಳನ್ನು ಬಿಸಿನೀರಿನಲ್ಲಿ ತಿಕ್ಕಿ ಕಟ್ಟೆಯ ಮೇಲೆ ಬಿಸಿಲಿಗೆ ಹಾಕು, ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ. ಎಲ್ಲವನ್ನೂ ಒಮ್ಮೆಲೇ ಕೊಡಬೇಡ, ಒಂದೆರಡು ಒಳಗಿರಲಿ, ಉಳಿದದ್ದು ಚೀಲದಲ್ಲಿರಲಿ. ಮರೆತ ಆಟಿಕೆ ತಿರುಗಿ ಬಂದಾಗ ಅದಕ್ಕೆ ಆಗುವ ಸಂತೋಷ ನೋಡಬೇಕು ನೀನು.

ಚೀಲದಲ್ಲಿ ಕನ್ನಡಿ ಇರುವುದಿಲ್ಲ. ಸಂಗು ಪ್ರೀತಿಯಿಂದ ಒಂದು ತಂದಿದ್ದ, ಚೌಕಟ್ಟಿನದು. ಕಾರಭಾರಿ ಅದರ ಮುಂದೆ ಕುಳಿತು ಕನ್ನಡಿಯೊಳಗಿನ ಗಿಳಿಗೆ ಉಣಿಸತೊಡಗಿತು. ಬಾಯೊಳಗಿನ ಕಾಳನ್ನು ಹೊರತೆಗೆದು ಗಾಜಿಗೆ ಹಚ್ಚುತ್ತಿತ್ತು, ತಾನು ಉಣ್ಣುತ್ತಿರಲಿಲ್ಲ, ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸಂಗು ಒಂದು ಸಂಜೆ ಬಹಳ ಹೊತ್ತು ನಿಂತು ಅದನ್ನು ನೋಡಿದ. ಆಮೇಲೆ ತಾನೇ ಕೈ ಹಾಕಿ ಕನ್ನಡಿ ತೆಗೆದು, "ಇಲ್ಲದವರಿಗೆ ಎಷ್ಟಂತ ಉಣಸ್ತೈತಿ ಇದು," ಅಂದ. ಆ ಮಾತನ್ನು ಯಾರಿಗೆ ಅಂದನೋ ನಾನು ಕೇಳಲಿಲ್ಲ. ನಿನ್ನೆ ಪಂಜರವನ್ನು ಅಂಗಳಕ್ಕೆ ಒಯ್ದು ತಾನೇ ತೊಳೆದ. ಚೂಪಾಗಿದ್ದ ಒಂದು ತಂತಿಯ ತುದಿಯನ್ನು ಕಾನಸಿನಿಂದ ತಿಕ್ಕಿ ನಯ ಮಾಡಿದ. "ಬಾಗಲಾ ಸಡ್ಲ ಐತಿ, ಆಕಿಗೆ ಬರದ ತಿಳಸಬೇ," ಎಂದ. ತಿಳಿಸಿದ್ದೇನೆ.

ಇನ್ನೊಂದು ಮುಖ್ಯ. ಹೊಸ ಆಟಿಕೆಯನ್ನು ಒಮ್ಮೆಲೇ ಪಂಜರದೊಳಗೆ ಇಡಬಾರದು. ಹೆದರಿ ಮೂಲೆ ಹಿಡಿಯುತ್ತದೆ. ಮೊದಲು ದೂರ ಇಡಬೇಕು, ಅದು ನೋಡಲಿ. ಆಮೇಲೆ ಸ್ವಲ್ಪ ಹತ್ತಿರ. ನಾವೇ ಕೈಯಲ್ಲಿ ಹಿಡಿದು ಅದರೆದುರು ಆಡಿಸಬೇಕು. ಒಂದು ದಿನ ತಾನೇ ಕೊಕ್ಕು ಚಾಚುತ್ತದೆ. ನಿನ್ನ ಮನೆಯೂ ಅದಕ್ಕೆ ಹೊಸದು, ಅವಸರ ಮಾಡಬೇಡ. ಪ್ರಜ್ಞಾ ಬಂದ ಮೇಲೆ ನಾನೂ ಹಾಗೇ ಮಾಡಬೇಕೆಂದಿದ್ದೇನೆ. ಆಕೆ ನೋಡಲಿ, ನಾನೂ ನೋಡುತ್ತೇನೆ. ಆಕೆಯನ್ನು ನಿನ್ನ ಜಾಗದಲ್ಲಿ ತಂದು ಕೂಡಿಸಿ ಸುಜಾ ಹೀಗೆ ಮಾಡುತ್ತಿದ್ದಳು, ಸುಜಾ ಹಾಗೆ ಮಾಡುತ್ತಿದ್ದಳು ಎಂದರೆ ಆ ಹುಡುಗಿ ಯಾವ ಮೂಲೆಗೆ ಹೋಗಬೇಕು? ಒಳ್ಳೆಯವಳು ಸುಜಾ. ಇದನ್ನು ನಿನಗೆ ಬರೆಯುವುದು ಸರಿಯೋ ತಪ್ಪೋ, ನನ್ನ ಸುಖದುಃಖ ಬರೆಯಲು ನನಗೆ ನೀನಲ್ಲದೆ ಬೇರೆ ಯಾರೂ ಇಲ್ಲ.

ನೀನು ಈ ಗಿಳಿಯನ್ನು ವಿಜಯಪುರದ ಅಂಗಡಿಯಿಂದ ತಂದ ದಿನ ಹೇಳಿದ್ದೆ, ನಮ್ಮ ಹೊಲದ ಗಿಳಿಯನ್ನು ಸಾಕಿದರೆ ಕಾಯ್ದೆಗೆ ವಿರುದ್ಧ, ಇದು ಪರದೇಶದ್ದು, ಬೂದು ಎದೆಯದು, ಕಡ್ಡಿ ಹೆಣೆದು ಮನೆ ಕಟ್ಟುವ ಜಾತಿ ಎಂದು. ಆಗ ನಾನು ನಂಬಿರಲಿಲ್ಲ, ಕೊಕ್ಕಿನಲ್ಲಿ ಅದೇನು ಮನೆ ಕಟ್ಟೀತು ಎಂದು ನಕ್ಕಿದ್ದೆ. ಈಗ ದಿನವೂ ನೋಡುತ್ತೇನೆ. ತೊಗರಿಕಡ್ಡಿಯನ್ನು ಸಲಾಕೆಗಳ ನಡುವೆ ತೂರಿಸುತ್ತದೆ, ಎಳೆಯುತ್ತದೆ, ತಲೆ ಓರೆ ಮಾಡಿ ನೋಡುತ್ತದೆ, ಸರಿಯಾಗದಿದ್ದರೆ ಬಿಚ್ಚುತ್ತದೆ. ನಾನು ಪಂಜರ ತೊಳೆಯುವಾಗ ಎಲ್ಲ ಬಿದ್ದುಹೋಗುತ್ತದೆ, ಮರುದಿನ ಮತ್ತೆ ಮೊದಲಿನಿಂದ. ಅದಕ್ಕೆ ಬೇಸರವೇ ಇಲ್ಲ.

ಮೊನ್ನೆ ಮಧ್ಯಾಹ್ನದ ಜೋಂಪಿನಲ್ಲಿ ಒಂದು ಕನಸು ಬಿತ್ತು. ಕಾರಭಾರಿಯ ಹೆಣಿಗೆ ಪಂಜರ ದಾಟಿ ಹೊರಗೆ ಬಂದಿತ್ತು. ಕಡ್ಡಿಗೆ ಕಡ್ಡಿ ಸೇರಿ ಪಡಸಾಲೆ ತುಂಬಿ, ಅಡುಗೆಮನೆ ತುಂಬಿ, ಮಾಳಿಗೆಯ ಮೇಲೆ ಹತ್ತಿ ರಸ್ತೆಯುದ್ದಕ್ಕೂ ಹೋಗಿತ್ತು. ಒಳಗೆ ಹಸಿರು ಬೆಳಕು. ಜೋಳದ ತೆನೆ ಕಾಳು ಕಟ್ಟುವಾಗ ಬರುತ್ತದಲ್ಲ, ಆ ವಾಸನೆ. ನಾನು ಬಗ್ಗಿ ಬಗ್ಗಿ ನಡೆಯುತ್ತ ಹೋದೆ. ಬಾಗೇವಾಡಿ ದಾಟಿತು, ಹಿಪ್ಪರಗಿಯ ಸಂತೆ ಕಡ್ಡಿಗಳ ಸಂದಿಯಿಂದ ಕಾಣಿಸಿತು, ಸಿಂದಗಿಯೂ ದಾಟಿತು, ಕಾಲು ನೋಯಲೇ ಇಲ್ಲ. ತುದಿಯಲ್ಲಿ ಒಂದು ಸಣ್ಣ ಬಾಗಿಲು. ಅದರಾಚೆ ನೀನು ಗ್ಯಾಲರಿಯಲ್ಲಿ ಒದ್ದೆ ಕೂದಲು ಒಣಗಿಸುತ್ತ ನಿಂತಿದ್ದೆ. ಕೂಗಬೇಕೆಂದೆ. ಬಾಯಿಂದ ದನಿ ಬರಲಿಲ್ಲ, ಗಿಳಿಯ ಬಾಯಿಂದ ಬಂತು. ನೀನು ತಿರುಗುವಷ್ಟರಲ್ಲಿ ತಿಪ್ಪವ್ವ ಮೊಸರು ಕೇಳಲು ಬಂದು ಎಬ್ಬಿಸಿದಳು. ಆಕೆಯ ಮೇಲೆ ಇಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಸಾಕು, ಹಾಳೆ ಮುಗಿಯಿತು. ಚೀಲದ ತಳದಲ್ಲಿ ಒಂದು ಡಬ್ಬಿಯಿದೆ, ಅದು ಗಿಳಿಯದಲ್ಲ, ಶೇಂಗಾ ಹೋಳಿಗೆ, ನೀನು ತಿನ್ನು. ಜುಲ್ಫಿಕರನಿಗೂ ಎರಡು ಕೊಡು. ಹೊತ್ತಿಗೆ ಉಣ್ಣು, ನಿನ್ನ ದನಿಯಲ್ಲಿ ನಗು ಇರಲಿ, ಅದು ಗಿಳಿಯ ಕಿವಿಗೆ ಬೀಳಲಿ. ಯಾರಾದರೂ ಒಳ್ಳೆಯವನು ಸಿಕ್ಕು ಮತ್ತೆ ಮನೆ ಕಟ್ಟಬೇಕೆನಿಸಿದರೆ ಕಟ್ಟು. ನನ್ನನ್ನು ಕೇಳಬೇಕಾಗಿಲ್ಲ, ಆದರೆ ತಿಳಿಸು. ನೀನು ಕೈ ಹಚ್ಚಿದ್ದೆಲ್ಲ ಹಸನಾಗಲಿ.

ನಿನ್ನ ಅತ್ತೆ,
ಶೇವಂತೆವ್ವ

ತಾ.ಕ.: ಮುದ್ದೇಬಿಹಾಳದವರು ಬಂದ ದಿನ ಕಾರಭಾರಿ ಏನಂದಿತು ಎಂದು ಕೇಳಿದ್ದೀ. "ನನ್ನ ದನೀಲೆ ಏನರ ಅಂತೇನ್ರಿ ಅತ್ತಿ?" ಎಂದು ಹೆದರಿ ಬರೆದಿದ್ದೀ. ಇಲ್ಲ ತಂಗಿ, ಅದು ನಿನ್ನ ದನಿಯಲ್ಲ. ನೀನು ಕೆಲಸದಿಂದ ಬರುತ್ತಿದ್ದ ಆ ಬಾಗೇವಾಡಿಯ ಆರರ ಬಸ್ಸು ಬಂದು ನಿಂತಿತು. ಜನ ಇಳಿದರು, ಬಸ್ಸು ಹೋಯಿತು. ಆಗ ಗಿಳಿ ನನ್ನ ದನಿಯಲ್ಲಿ, "ಬಸ್ಸ ಬಂತು. ಸುಜಾ ಬರಲಿಲ್ಲ," ಎಂದಿತು. ಅಂದಿನಿಂದ ದಿನಾ ಸಂಜೆ ಅದನ್ನೇ ಅನ್ನುತ್ತದೆ. ಅದಕ್ಕೆ ಯಾರೂ ಕಲಿಸಿಲ್ಲ. ನೀನು ಹೋದ ಮೇಲೆ ಕಿಟಕಿಯ ಹತ್ತಿರ ನಿಂತು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ ಮಾತು ಅದು. ಬಾಯಿಬಿಟ್ಟು ಅನ್ನುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ದಿನಾ ಸಂಜೆ ಇದನ್ನು ಕೇಳುತ್ತ ಆ ಹುಡುಗಿ ಈ ಮನೆಯಲ್ಲಿ ಹೇಗೆ ಬಾಳಬೇಕು, ಹೇಳು. ಅದಕ್ಕೇ ಕಳಿಸುತ್ತಿದ್ದೇನೆ. ಇಂಡಿಯಲ್ಲೂ ಸಂಜೆ ಬಸ್ಸಿನ ಸದ್ದು ಕೇಳಿದರೆ ಅದು ಹಾಗೆ ಅಂದೀತು. ಹೆದರಬೇಡ, ಬಟ್ಟೆ ಮುಚ್ಚಬೇಡ. ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಹೋಗಿ, "ನಾ ಬಂದೇನ್ರಿ ಅತ್ತಿ," ಎಂದು ಒಂದು ಸಲ ಅನ್ನು. ಅದಕ್ಕೆ ಸಮಾಧಾನ ಆಗಲಿ.